ಬೆಳ್ಳಿಯಪ್ಪನ ಒಂಬೈನೂರ ಎಪ್ಪತ್ತೆರಡು ಕೆಜಿ

ಶನಿವಾರ ಬೆಳಿಗ್ಗೆ ಓಂಕಾರಪ್ಪ ಎರಡನೆಯ ದೋಸೆಗೆ ಕೈ ಹಾಕುವಷ್ಟರಲ್ಲಿ ಸಾಹುಕಾರ್ ಪ್ರಸನ್ನಕುಮಾರರ ಫೋನು ಬಂತು. ಬಣಕಲ್ ಹತ್ತಿರದ ಅವರ ಕಾಫಿ ಎಸ್ಟೇಟಿಗೆ ಓಂಕಾರಪ್ಪ ಹನ್ನೊಂದು ವರ್ಷದಿಂದ ರೈಟರ್. ಆಳುಗಳ ಹಾಜರಿ, ಹಣ್ಣಿನ ತೂಕ, ಬಟವಾಡೆ ಎಲ್ಲವೂ ಅವನ ತಲೆಯ ಮೇಲೆ.

"ಓಂಕಾರಪ್ಪ, ಮೂರು ಗಂಟೆಗೆ ಲೇಬರ್ ಆಫೀಸರ್ ಬರ್ತಾರಂತೆ. ಇವತ್ತಿನ ಬಟವಾಡೆಗೆ ಪ್ರತಿ ಆಳಿಗೂ ಚೀಟಿ ಕೊಡ್ಬೇಕು."

"ಕೊಡ್ತಾನೇ ಇದೀವಲ್ಲ ಸಾರ್."

"ಹಳೇ ಕ್ಯಾಲೆಂಡರ್ ಹರಿದು ಹಿಂದುಗಡೆ ಹೆಸರು, ದುಡ್ಡು ಗೀಚಿ ಕೊಡ್ತೀಯಲ್ಲ, ಅದು ಚೀಟಿ ಅಲ್ಲ ಮಾರಾಯ. ಎಷ್ಟು ದಿನ, ಎಷ್ಟು ಕೆಜಿ, ರೇಟೇನು, ಹಿಡಿದಿದ್ದೆಷ್ಟು, ಎಲ್ಲಾ ಬಿಡಿಸಿ ಬರೀಬೇಕು. ಆಫೀಸರ್ ಒಂದೂ ತಕರಾರು ತೆಗೀದೆ ಹೋದ್ರೆ ನಿನ್ನ ಸಂಬಳಕ್ಕೆ ಎರಡು ಸಾವಿರ ಸೇರಿಸ್ತೀನಿ. ತೆಗೆದ್ರೆ ಇಲ್ಲ, ಈಗಲೇ ಹೇಳಿದೀನಿ."

ಹದಿನೈದು ಸಾವಿರಕ್ಕೆ ಎರಡು ಸೇರಿದರೆ ಹದಿನೇಳು! ಈ ಕೂಡುವ ಲೆಕ್ಕ ಮಾತ್ರ ಓಂಕಾರಪ್ಪ ಯಾರ ಸಹಾಯವೂ ಇಲ್ಲದೆ ಮಾಡಿದ. ಆಗಲೇ ಅವನು ಮನಸ್ಸಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಸ್ಕೂಟರ್ ಹತ್ತಿ ಕೊಟ್ಟಿಗೆಹಾರದ ತನಕ ಹೋಗಿ ಬಂದಿದ್ದ. ದೋಸೆಯನ್ನು ಅರ್ಧಕ್ಕೇ ಬಿಟ್ಟು ಆಫೀಸಿಗೆ ಓಡಿದ.

ಮೊದಲ ಚೀಟಿ ಬೆಳ್ಳಿಯಪ್ಪನದು. ಹೋದ ಶನಿವಾರದಿಂದ ನಿನ್ನೆಯ ತನಕ, ಭಾನುವಾರ ಬಿಟ್ಟು ಆರು ದಿನ, ಒಂಬೈನೂರ ಎಪ್ಪತ್ತೆರಡು ಕೆಜಿ, ಕೆಜಿಗೆ ಐದು ರೂಪಾಯಿ. ಪಕ್ಕದಲ್ಲಿ ನಿಂತು ಇಣುಕುತ್ತಿದ್ದ ಮೇಸ್ತ್ರಿ ಧರ್ಮೇಶ್ ನಕ್ಕ.

"ರೈಟ್ರೇ, ಆಫೀಸರ್ ಇದನ್ನ ನೋಡಿ, ಬೆಳ್ಳಿಯಪ್ಪ ಅಂದ್ರೆ ಆಳೋ ಜೆಸಿಬಿಯೋ ಅಂತ ಕೇಳ್ತಾರೆ."

ಓಂಕಾರಪ್ಪ ಪೆನ್ನು ಕೆಳಗಿಟ್ಟ. ಗಂಡ ಹೆಂಡತಿ ಇಬ್ಬರೂ ಹಣ್ಣು ಕೊಯ್ದರೆ ಇಬ್ಬರ ಚೀಲವನ್ನೂ ಗಂಡನ ಹೆಸರಿಗೇ ಹಾಕುವುದು ಎಸ್ಟೇಟಿನಲ್ಲಿ ಮೊದಲಿಂದ ನಡೆದುಬಂದ ರೂಢಿ. ಕ್ಯಾಲೆಂಡರ್ ಚೂರಿನಲ್ಲಿ ಅದು ಯಾರಿಗೂ ಕಂಡಿರಲಿಲ್ಲ. ಬಿಡಿಸಿ ಬರೆದ ಕೂಡಲೇ ಬೆಳ್ಳಿಯಪ್ಪ ರಾಕ್ಷಸನಾಗಿಬಿಟ್ಟಿದ್ದ.

"ನಿನ್ನ ತೂಕದ ಪುಸ್ತಕದಲ್ಲಿ ಚೀಲ ಚೀಲಕ್ಕೂ ಬೇರೆ ಬರ್ಕೊಂಡಿದೀಯ?"

"ಹ್ಞೂಂ. ಯಾರ ಚೀಲದಲ್ಲಿ ಕಾಯಿ ಜಾಸ್ತಿ, ಯಾರದ್ರಲ್ಲಿ ಎಲೆ ಜಾಸ್ತಿ ಅಂತ ನಂಗೆ ಗೊತ್ತಾಗ್ಬೇಡ್ವಾ?"

ಇಪ್ಪತ್ತಾರು ಚೀಟಿಗಳಿದ್ದದ್ದು ನಲವತ್ತೊಂಬತ್ತಾದವು. ಬರೆಯುವುದಿರಲಿ, ಕೂಡುವವರು ಯಾರು? ಓಂಕಾರಪ್ಪ ಒಂದು ಲೆಕ್ಕವನ್ನು ಮೂರು ಸಲ ಕೂಡಿದರೆ ಮೂರು ಉತ್ತರ ಬರುತ್ತಿತ್ತು. ಅವನು ಎಂದಿನಂತೆ ಕ್ವಾರ್ಟರ್ಸಿನ ಕಡೆ ತಿರುಗಿ ಕೂಗಿದ: "ಸರ್ವಮಂಗಳಾ!"

ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಅವನ ಕುರ್ಚಿಯಲ್ಲೇ ಕೂತಳು. ಹನ್ನೊಂದು ವರ್ಷದಿಂದ ವಾರವಾರವೂ ಕೂತ ಕುರ್ಚಿ ಅದು. ಸಾಹುಕಾರ್ರೊಬ್ಬರನ್ನು ಬಿಟ್ಟರೆ ಎಸ್ಟೇಟಿಗೆಲ್ಲಾ ಈ ವಿಷಯ ಗೊತ್ತಿತ್ತು. ಧರ್ಮೇಶ್ ಓದಿದ, ಅವಳು ಕಾರ್ಬನ್ ಇಟ್ಟು ಬರೆದಳು, ಓಂಕಾರಪ್ಪ ಸೀಲು ಒತ್ತಿದ. ಎರಡು ಚೀಟಿಗೆ ಸೀಲು ತಲೆಕೆಳಗಾಗಿಯೂ ಬಿತ್ತು.

ಮಧ್ಯಾಹ್ನ ಚೀಟಿ ಹಂಚಿದಾಗ ಆಫೀಸಿನ ಮುಂದೆ ಸಂತೆಯೇ ನೆರೆಯಿತು. ಬೆಳ್ಳಿಯಪ್ಪ ತನ್ನದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಏನ್ ರೈಟ್ರೇ, ನಂದು ಇನ್ನೂರ ಎಂಬತ್ತೆರಡೇ ಕೆಜಿಯಾ?"

"ನಿನ್ನ ಹೆಂಡ್ತಿದು ಆರುನೂರ ತೊಂಬತ್ತು."

"ಚೀಲ ಹೊತ್ತು ತಂದಿದ್ದು ನಾನು!"

"ಅವ್ರು ಸುಳ್ಳು ಬರೆದಿಲ್ಲ, ಸುಮ್ನಿರಿ," ಎಂದಳು ಅವನ ಹೆಂಡತಿ ಜವರಮ್ಮ. ಅವಳು ತನ್ನ ಚೀಟಿಯ ಮೇಲಿನ ಸಾಲಿನ ಮೇಲೆ ಬೆರಳಿಟ್ಟು ನಿಂತಿದ್ದಳು. "ಅಮ್ಮಾ, ಇದು ನನ್ನ ಹೆಸರಾ? ಇಷ್ಟು ಉದ್ದ ಇದೆಯಾ?"

ಸರ್ವಮಂಗಳಾ ಹೌದೆಂದಳು. ಜವರಮ್ಮ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಇಟ್ಟುಕೊಂಡಳು. ಅದನ್ನು ಕಂಡು ಓಂಕಾರಪ್ಪನಿಗೆ ಖುಷಿಯೂ ಆಯಿತು, ಇಷ್ಟು ವರ್ಷ ಇದು ತನಗೇಕೆ ಹೊಳೆಯಲಿಲ್ಲವೆಂದು ನಾಚಿಕೆಯೂ ಆಯಿತು.

ಮೂರು ಗಂಟೆಗೆ ಸಾಹುಕಾರ್ರ ಜೀಪಿನ ಹಿಂದೆಯೇ ಆಫೀಸರ್ ರಜನಿ ಮೇಡಂ ಬಂದರು. ನಲವತ್ತೊಂಬತ್ತು ಚೀಟಿಗಳ ಪ್ರತಿಯನ್ನೂ ಒಂದೊಂದಾಗಿ ನೋಡಿದರು.

"ತುಂಬಾ ಅಚ್ಚುಕಟ್ಟಾಗಿದೆ. ಹೆಂಗಸರ ದುಡಿಮೆ ಹೆಂಗಸರ ಹೆಸರಲ್ಲೇ ಬಂದಿದೆ. ಹೀಗೇ ಇರ್ಬೇಕು," ಎಂದರು ಮೇಡಂ.

ಸಾಹುಕಾರ್ರು ಓಂಕಾರಪ್ಪನ ಬೆನ್ನು ತಟ್ಟಿದರು. ಸ್ಕೂಟರು ಈ ಸಲ ಕಳಸದ ತನಕ ಹೋಯಿತು.

"ಅಕ್ಷರ ಎಷ್ಟು ಚೆನ್ನಾಗಿದೆ! ಯಾರು ಬರೆದಿದ್ದು?" ಎಂದು ಮೇಡಂ ಕೇಳಿದರು.

"ನಾನೇ ಮೇಡಂ," ಎನ್ನಲು ಓಂಕಾರಪ್ಪ ಬಾಯಿ ತೆರೆಯುವಷ್ಟರಲ್ಲಿ ಜವರಮ್ಮ ಮುಂದೆ ಬಂದಳು. ತನ್ನ ಹೆಸರು ಬರೆದುಕೊಟ್ಟವರ ಹೆಸರು ಹೇಳದಿದ್ದರೆ ಅವಳಿಗೆ ಸಮಾಧಾನವೆಲ್ಲಿ?

"ನಮ್ ರೈಟ್ರಮ್ಮ ಬರೆದಿದ್ದು ಮೇಡಂ. ಹನ್ನೊಂದು ವರ್ಷದಿಂದ ಲೆಕ್ಕ ಎಲ್ಲಾ ಅವ್ರದ್ದೇ. ಒಂದು ರೂಪಾಯಿ ತಪ್ಪಿಲ್ಲ."

ಮೇಡಂ ಚೀಟಿಗಳನ್ನು ಮತ್ತೊಮ್ಮೆ ಎಣಿಸಿದರು. "ಹಾಗಾದ್ರೆ ಅವ್ರ ಚೀಟಿ ಎಲ್ಲಿ?"

ಧರ್ಮೇಶ್ ತನ್ನ ಚಪ್ಪಲಿ ನೋಡಿಕೊಂಡ.

"ಇದೊಂದು ತಕರಾರು ಬರ್ಕೋತೀನಿ," ಎಂದು ಮೇಡಂ ಪೆನ್ನು ತೆಗೆದರು. "ಹನ್ನೊಂದು ವರ್ಷದ ಬಾಕಿ ವಿಷಯ ಆಮೇಲೆ ನೋಡೋಣ. ಇನ್ಮುಂದೆ ಏನ್ ಮಾಡ್ತೀರಿ ಸಾಹುಕಾರ್ರೇ?"

ಬಾಕಿ ಎಂದ ಕೂಡಲೇ ಸಾಹುಕಾರ್ರಿಗೆ ಬುದ್ಧಿ ಬಹಳ ಚುರುಕಾಯಿತು. "ಈ ವಾರದಿಂದಲೇ ಅವ್ರೇ ರೈಟರ್ ಮೇಡಂ! ತಿಂಗಳಿಗೆ ಹದಿನೈದು ಸಾವಿರ. ಓಂಕಾರಪ್ಪ ಹಣ್ಣು ತೂಗಿಸ್ಲಿ, ದಿನಗೂಲಿ ಮೇಲೆ. ಅವನ ಚೀಟೀನೂ ಈಗಲೇ ಆಗ್ಲಿ."

ಎರಡು ಸಾವಿರದ ಮಾತನ್ನು ಯಾರೂ ಎತ್ತಲಿಲ್ಲ. ಆದರೆ ಮನೆಗೆ ಒಂದರ ಬದಲು ಎರಡು ಸಂಬಳ ಬರುತ್ತದಲ್ಲ ಎಂದು ಓಂಕಾರಪ್ಪ ಮನಸ್ಸು ಗಟ್ಟಿ ಮಾಡಿಕೊಂಡ. ಹೆಂಡತಿಯ ಮುಖ ಅಷ್ಟು ಅರಳಿದ್ದನ್ನು ಅವನು ಮದುವೆಯಲ್ಲೂ ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ಅವನಿಗೂ ಹೆಮ್ಮೆಯೇ ಆಯಿತು.

ಸರ್ವಮಂಗಳಾ ಹೊಸ ಚೀಟಿ ತೆಗೆದು ಮೇಲೆ ಗಂಡನ ಹೆಸರು ಬರೆದಳು.

"ಎಷ್ಟು ದಿನ?"

"ಅದನ್ನೂ ಕೇಳ್ತಾರೇನೇ? ಆರು ದಿನ ಹಾಕು."

"ನಿನ್ನೆ ಹಲ್ಲು ಕೀಳಿಸ್ಕೊಳ್ಳೋಕೆ ಅಂತ ಹನ್ನೆರಡು ಗಂಟೆಗೇ ಮೂಡಿಗೆರೆಗೆ ಹೋದ್ರಲ್ಲ?"

ಓಂಕಾರಪ್ಪ ಸಾಹುಕಾರ್ರನ್ನು ನೋಡಿದ, ಮೇಡಂ ಅವರನ್ನು ನೋಡಿದ. ಅಷ್ಟರಲ್ಲಿ ಅವಳು ಐದೂವರೆ ಎಂದು ಬರೆದು, ಸಹಿ ಹಾಕುವ ಜಾಗವನ್ನು ಬೆರಳಿನಿಂದ ತೋರಿಸಿದಳು.