ನಂಬರಿಲ್ಲದ ಗಾಡಿ, ಹೆಸರಿಲ್ಲದ ಕೂಸು

ನಂಬರು ಬಂತು! ಹೆಸರೂ ಬಂತು! ಮೊನ್ನೆ ಸಂಜೆ ಗಾಡಿಗೆ ನಂಬರು, ನಿನ್ನೆ ನನ್ನ ಮೊಮ್ಮಗಳಿಗೆ ಹೆಸರು! ಈ ಸುದ್ದಿಯನ್ನು ಹಾಲಿನವನಿಗೆ ಹೇಳಿದೆ, ಹೂವಿನವಳಿಗೆ ಹೇಳಿದೆ, ಯಾರಿಗೋ ಮಾಡಲು ಹೋಗಿ ನಮಗೆ ಫೋನು ಮಾಡಿದ ಪುಣ್ಯಾತ್ಮನೊಬ್ಬನಿಗೂ ಹೇಳಿದೆ. ಪಾಪ, ಅವನು "ಒಳ್ಳೇದಾಗ್ಲಿ ಕಣಮ್ಮ" ಅಂತ ಹರಸಿಯೇ ಫೋನಿಟ್ಟ. ಆದರೂ ಹೊಟ್ಟೆಯೊಳಗಿನ ಸಂತೋಷ ಖಾಲಿಯಾಗಿಲ್ಲ. ಅದಕ್ಕೇ ಬರೆಯಲು ಕುಳಿತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿ.

ನಮ್ಮ ಮನೆಯಲ್ಲಿ ಹನ್ನೊಂದು ತಿಂಗಳು ಒಂದು ಕೂಸು ಹೆಸರಿಲ್ಲದೆ ಬೆಳೆಯಿತು, ನಾಲ್ಕು ತಿಂಗಳು ಒಂದು ಗಾಡಿ ನಂಬರಿಲ್ಲದೆ ನಿಂತಿತು. ಎರಡಕ್ಕೂ ಕಾರಣ ಒಬ್ಬರೇ, ನನ್ನ ಯಜಮಾನರು. ಅವರ ಹೆಸರು ಕೇಳಬೇಡಿ. ನಲವತ್ತಮೂರು ವರ್ಷದಿಂದ ಬಾಯಲ್ಲಿ ಹೇಳಿಲ್ಲ, ಈಗ ಕೈಯಲ್ಲಿ ಬರೆಯುತ್ತೇನೆಯೇ? ಭೂಮಿಯ ಮೇಲೆ ಇಂಥವರು ಇನ್ನೊಬ್ಬರಿಲ್ಲ ಅಂತ ಮಾತ್ರ ಹೇಳುತ್ತೇನೆ. ಇದ್ದರೆ, ಅವರ ಹೆಂಡತಿಗೆ ನನ್ನದೊಂದು ನಮಸ್ಕಾರ!

ಕೊಳ್ಳೇಗಾಲದಲ್ಲಿ ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಇವರಿಗೆ ಲೋಕವೆಲ್ಲ ಸೀರೆಯ ಹಾಗೇ ಕಾಣುತ್ತದೆ. ಬಸ್ಸು ಹತ್ತಿದರೆ ಸೀಟಿನ ಬಟ್ಟೆಯನ್ನು ಚಿವುಟಿ ನೋಡುತ್ತಾರೆ. ನನ್ನನ್ನು ನೋಡಲು ಬಂದ ದಿನವೂ ತಲೆ ಎತ್ತಿದವರಲ್ಲ. ಅರ್ಧ ಗಂಟೆ ನನ್ನ ಸೀರೆಯ ಅಂಚನ್ನೇ ನೋಡಿ, "ಗಟ್ಟಿಯಾಗದೆ, ಬಣ್ಣ ಬಿಡಾಕಿಲ್ಲ, ಒಪ್ಗೆ" ಅಂದರು. ಒಪ್ಪಿದ್ದು ನನ್ನನ್ನೋ ಸೀರೆಯನ್ನೋ, ಇವತ್ತಿಗೂ ಗೊತ್ತಿಲ್ಲ. ಆ ಸೀರೆ ನಮ್ಮ ಚಿಕ್ಕಮ್ಮನದು, ಮಾರನೇ ದಿನವೇ ವಾಪಸು ಕೊಟ್ಟೆವು!

ಇಂಥವರು ಲೋಕದಲ್ಲಿ ಒಬ್ಬರ ಮಾತನ್ನು ಮಾತ್ರ ಕೇಳುತ್ತಾರೆ. ಅದು ಅವರ ಅಕ್ಕನ ಮಾತು. ನಾವೆಲ್ಲ ದೊಡ್ಡಕ್ಕ ಎನ್ನುತ್ತೇವೆ. ಲೊಕ್ಕನಹಳ್ಳಿಯಲ್ಲಿ ಬಟ್ಟೆ ಅಂಗಡಿ ಇಟ್ಟವರ ಮನೆಗೆ ಕೊಟ್ಟಿದ್ದರು. ಈಗ ಎಪ್ಪತ್ತಾರು ವರ್ಷ. ಆರು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಒಳಗೆ ಪ್ಲೇಟು ಹಾಕಿದ್ದಾರೆ, ಕೋಲು ಹಿಡಿದು ಮನೆಯೊಳಗೆ ಓಡಾಡುತ್ತಾರೆ. ಆದರೆ ಕಾಲು ಮಡಿಚಿ ಕೂರುವ ಹಾಗಿಲ್ಲ. ಹೀಗಾಗಿ ಬಸ್ಸಿಲ್ಲ, ಬೈಕಿಲ್ಲ, ಆಟೋ ಇಲ್ಲ. ಕಾರಿದೆಯಲ್ಲ ಅನ್ನುತ್ತೀರಾ? ದೊಡ್ಡಕ್ಕನಿಗೆ ಕಾರಿನ ಬಾಗಿಲು ಹಾಕಿದರೆ ಸಾಕು, ವಾಂತಿ! ಒಮ್ಮೆ ನನ್ನ ಮಗ ಕಾರು ತೆಗೆದುಕೊಂಡು ಹೋಗಿದ್ದ. ಬೀದಿ ತುದಿ ಮುಟ್ಟುವುದರೊಳಗೆ ಇಳಿಸಿಬಿಡು ಎಂದು ಕೂಗಿಕೊಂಡರಂತೆ. "ಈ ಪೆಟ್ಗೆ ಒಳ್ಗೆ ಆಕಂಡು ಓಯ್ತೀಯಲ್ಲ, ನಾನೇನು ಸತ್ತೋಗಿದೀನೇನ್ಲಾ?"

ಆರು ವರ್ಷದಿಂದ ಅವರು ತವರಿಗೆ ಬಂದಿರಲಿಲ್ಲ. ಅಷ್ಟರಲ್ಲಿ ನನ್ನ ಸೊಸೆ ಹೆಣ್ಣು ಹೆತ್ತಳು.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಮಗು ಹುಟ್ಟಿದರೆ ಮಗ್ಗದ ಮನೆಯ ತೊಲೆಗೆ ತೊಟ್ಟಿಲು ಕಟ್ಟಬೇಕು, ಮನೆಯ ಹಿರೀ ಹೆಣ್ಣುಮಗಳು ಬಂದು ಕಿವಿಯಲ್ಲಿ ಹೆಸರು ಹೇಳಬೇಕು. ನನ್ನ ಮಗನ ಹೆಸರು ಹೇಳಿದ್ದೂ ದೊಡ್ಡಕ್ಕನೇ. "ಅಲ್ಲ ಕಣ್ರೀ, ಕೂಸನ್ನೇ ಲೊಕ್ಕನಳ್ಳಿಗೆ ಎತ್ಕಂಡು ಓಗಿ ಹೆಸರಿಟ್ಕಂಡು ಬರಾನ" ಅಂದೆ.

"ತೊಲೆ ಕಿತ್ಕಂಡು ಓಯ್ತೀಯಾ?" ಅಂದರು ಇವರು.

ಮುಗಿಯಿತು. ಅವತ್ತಿನಿಂದ ಮಗು ಪಾಪು ಆಯಿತು, ಕೂಸಾಯಿತು, ಸಿಟ್ಟು ಬಂದಾಗ ಪೀಡೆಯೂ ಆಯಿತು. ಹೆಸರು ಮಾತ್ರ ಇಲ್ಲ. ಸೂಜಿ ಹಾಕಿಸುವ ಕಾರ್ಡಿನಲ್ಲಿ "ಹೆಣ್ಣು ಮಗು" ಎಂದೇ ಇತ್ತು. ನರ್ಸಮ್ಮ ಪ್ರತಿ ಸಲವೂ ಹೇಳುತ್ತಿದ್ದರು: "ವರ್ಷ ತುಂಬೋದ್ರೊಳಗೆ ಹೆಸರು ಬರೆಸಿಬಿಡಿ ಅಜ್ಜಿ." ಸೊಸೆ ತಲೆ ತಗ್ಗಿಸಿ ಕೂಸಿನ ಬಟ್ಟೆ ಸರಿಮಾಡುತ್ತಿದ್ದಳು.

ಒಂದು ದಿನ ಇವರು ಮೊಬೈಲಿನಲ್ಲಿ ಏನೋ ನೋಡುತ್ತಿದ್ದವರು "ಸಿಕ್ತು!" ಎಂದು ಎದ್ದು ನಿಂತರು. ನೋಡಿದರೆ ಯಾವುದೋ ದೂರದೇಶದ ಬೈಕು. ನಮ್ಮ ತಾತಂದಿರ ಕಾಲದ ಗಾಡಿಯ ಹಾಗೆ ಗುಂಡನೆ ಲೈಟು, ಪಕ್ಕಕ್ಕೆ ದೋಣಿಯಂಥ ಒಂದು ಸೀಟು, ಅದಕ್ಕೊಂದು ಗಾಲಿ. ಸೈಡ್‌ಕಾರ್ ಅಂತೆ. ಕಾಲು ನೀಡಿ ಕೂರಬಹುದು, ಮೇಲೆ ಮುಚ್ಚಿಲ್ಲ, ಬಾಗಿಲಿಲ್ಲ, ಬೇಕಾದಷ್ಟು ಗಾಳಿ.

"ಅಪ್ಪಾ, ಇಲ್ಲೇ ಯಾರಾದ್ರೂ ಮೆಕ್ಯಾನಿಕ್ ಕೈಲಿ ನಮ್ ಬೈಕ್‌ಗೇ ಒಂದು ಸೀಟು ಜೋಡಿಸಿದ್ರಾಯ್ತು" ಎಂದ ಮಗ.

"ಒಡಲು ಬೇರೆ, ಅಂಚು ಬೇರೆ ನೇಯ್ದು ಹೊಲಿದ್ರೆ ಅದು ಸೀರೆಯೇನ್ಲಾ? ಒಟ್ಗೇ ನೇಯ್ದಿರಬೇಕು."

ಸರಿ, ಯಳಂದೂರು ರಸ್ತೆಯಲ್ಲಿದ್ದ ನಮ್ಮ ಸೈಟು ಮಾರಾಟವಾಗಿ ಬೈಕಾಯಿತು! ಸೊಸೆ ಯಳಂದೂರಿನವಳು, ಬಿ.ಕಾಂ. ಮಾಡಿದ್ದಾಳೆ. ಮಡಿಲಲ್ಲಿ ಹೆಸರಿಲ್ಲದ ಕೂಸನ್ನು ಮಲಗಿಸಿಕೊಂಡು ಆ ದೇಶದವರಿಗೆ ಇಂಗ್ಲಿಷಿನಲ್ಲಿ ಕಾಗದ ಬರೆದವಳು ಅವಳೇ. ಬಲಗಡೆ ಸೀಟಿರುವ ಗಾಡಿ ತಯಾರಿದೆ, ನಾಳೆಯೇ ಹಡಗಿಗೆ ಹಾಕುತ್ತೇವೆ ಎಂದು ಅವರು ಬರೆದರು. ಎಡಗಡೆ ಬೇಕಾದರೆ ಎರಡು ತಿಂಗಳು ಕಾಯಬೇಕಂತೆ.

"ಎಡಕ್ಕೇ ಬೇಕು" ಎಂದರು ಇವರು.

"ಮಾವ, ಕೂಸಿಗೆ ವರ್ಷ ತುಂಬ್ಬಿಡ್ತದೆ..."

"ಎಡಕ್ಕೇ ಬೇಕು ಕಣವ್ವ."

ನಮ್ಮ ದೇಶದ ರಸ್ತೆಗೆ ಎಡಗಡೆಯೇ ಸರಿ ಎಂದು ಮಗ ಸಮಾಧಾನ ಹೇಳಿದ. ನಾನು ಹಟ ಎಂದುಕೊಂಡೆ. ಹಟಕ್ಕೆ ಎಡವೇನು, ಬಲವೇನು?

ಅಂತೂ ಗಾಡಿ ಚೆನ್ನೈ ಬಂದರಿಗೆ ಬಂತು. ಬಿಡಿಸಿಕೊಂಡು ಬರಲು ಅಪ್ಪ-ಮಗ ಹೋದರು. ಒಂದು ಕಟ್ಟು ಕಾಗದ ನೋಡಿ ಮುಗಿಸಿದ ಸುಂಕದ ಸಾಹೇಬರು, ಈ ವಯಸ್ಸಿನಲ್ಲಿ ಇದು ಯಾಕೆ ಎಂದು ತಮಿಳಿನಲ್ಲಿ ಕೇಳಿದರಂತೆ. ಇವರು ನಮ್ಮ ಮಾರ್ಟಳ್ಳಿ ಸಂತೆಯಲ್ಲಿ ಕಲಿತ ತಮಿಳಿನಲ್ಲಿ "ಅಕ್ಕಾವುಕ್ಕಾಗ ಸಾರ್" ಅಂದರಂತೆ, ಅಕ್ಕನಿಗೋಸ್ಕರ ಸಾರ್ ಎಂದು. ಸಾಹೇಬರು ಕನ್ನಡಕ ತೆಗೆದು ಇವರನ್ನು ಒಂದು ಸಲ ನೋಡಿ, ಮತ್ತೆ ಹಾಕಿಕೊಂಡು, ಟೀ ತರಿಸಿಕೊಟ್ಟರಂತೆ. ಅಷ್ಟು ಒಳ್ಳೆಯವರ ಮುಂದೆಯೂ ಇವರು ಸುಮ್ಮನಿರಬೇಡವೇ? ಪೆಟ್ಟಿಗೆ ಬಿಚ್ಚಿದ ಕೂಡಲೇ ಸೀಟನ್ನು ಮಗುಚಿ ಹೊಲಿಗೆಯ ಹಿಂಬದಿ ನೋಡಿ, "ಪರ್ವಾಗಿಲ್ಲ, ನೇಯ್ದೋನು ಕೆಲ್ಸ ಕಲ್ತವ್ನೆ" ಅಂದರಂತೆ!

ಲಾರಿಯಲ್ಲಿ ಗಾಡಿ ಬಂದಿಳಿದ ದಿನ ಬೀದಿಯೆಲ್ಲ ನಮ್ಮ ಅಂಗಳದಲ್ಲಿ. "ಅಣ್ಣೋ, ಇದು ಅರ್ಧ ಆಟೋನಾ?" ಎಂದ ಒಬ್ಬ. "ತೊಟ್ಲು ಬೈಕು ಕಣ್ಲಾ" ಎಂದ ಇನ್ನೊಬ್ಬ. ಆ ಹೆಸರೇ ನಿಂತಿತು. ಗಾಡಿಗೂ ಒಂದು ಹೆಸರಾಯಿತು, ಕೂಸಿಗೆ ಮಾತ್ರ ಇಲ್ಲ!

ನಂಬರು ಬರುವವರೆಗೆ ಗೇಟು ದಾಟಿಸುವುದಿಲ್ಲ ಎಂದರು. ಅಂಗಳದಲ್ಲೇ ಅಭ್ಯಾಸ. ತೊಟ್ಟಿಲಲ್ಲಿ ಭಾರ ಇಲ್ಲದಿದ್ದರೆ ಗಾಡಿ ವಾಲುತ್ತದಂತೆ. ಮೊದಲ ವಾರ ಅಕ್ಕಿ ಮೂಟೆ ಕೂರಿಸಿದರು. ಎರಡನೇ ವಾರ ನನ್ನನ್ನು. ದಾಳಿಂಬೆ ಗಿಡ ಸುತ್ತಿ ಸುತ್ತಿ ನನಗೆ ತಲೆ ತಿರುಗಿತು. "ರೀ, ಗಿಡ ನೋಡ್ಕಳಿ! ರೀ, ನಲ್ಲಿ ನೋಡ್ಕಳಿ!" ಎಂದು ಹೇಳುತ್ತಲೇ ಇದ್ದೆ. ನಿಲ್ಲಿಸಿ ಇಳಿದು ಹೇಳಿದ್ದೇನು ಗೊತ್ತೇ?

"ಮೂಟೇನೇ ವಾಸಿ. ಮಾತಾಡ್ತಿರ್ಲಿಲ್ಲ."

ಆಮೇಲೆ ಶುರುವಾಯಿತು ನೋಡಿ ಕಾಗದದ ತಿರುಗಾಟ. ಈ ಸರ್ಟಿಫಿಕೇಟು ತಂದರೆ ಆ ಸರ್ಟಿಫಿಕೇಟು ಬೇಕು. ಇಂಥ ಗಾಡಿ ನಮ್ಮ ಕಡೆ ಯಾರೂ ಬರೆಸಿದ್ದಿಲ್ಲವಲ್ಲ, ಆರ್‌ಟಿಓ ಆಫೀಸಿನವರಾದರೂ ಏನು ಮಾಡುತ್ತಾರೆ? ಅವರೂ ಮೇಲಿನವರನ್ನು ಕೇಳಿ ಹೇಳಬೇಕು. ಕೂಸು ಎದ್ದು ಕೂತಿತು, ಅಂಬೆಗಾಲಿಟ್ಟಿತು, ಗಾಡಿಯ ಗಾಲಿ ಹಿಡಿದು ಎದ್ದು ನಿಂತಿತು. ಕೊನೆಗೆ ಗಾಡಿಯನ್ನು ತನ್ನಿ, ನೋಡುತ್ತೇವೆ ಎಂದರು. ವರ್ಷ ತುಂಬಲು ಇಪ್ಪತ್ತೇ ದಿನ ಇತ್ತು.

ಟೆಂಪೋದಲ್ಲಿ ಗಾಡಿ ಹೇರಿಕೊಂಡು ಹೊರಟರು. ಒಳ್ಳೆಯ ಕೆಲಸಕ್ಕೆ ಕುಂಕುಮ, ತೆಂಗಿನಕಾಯಿ ಬೇಡವೇ ಎಂದು ನಾನೂ ಹತ್ತಿ ಕುಳಿತೆ. ಇನ್‌ಸ್ಪೆಕ್ಟರ್ ಸಾಹೇಬರು ಎಳೇ ವಯಸ್ಸಿನವರು, ಮರ್ಯಾದಸ್ಥರು. ಬಗ್ಗಿ ಟಾರ್ಚು ಬಿಟ್ಟು ಗಾಡಿಯ ಕಬ್ಬಿಣದಲ್ಲಿ ಕೆತ್ತಿದ್ದ ನಂಬರು ನೋಡಿದರು. ಮತ್ತೆ ಕಾಗದ ನೋಡಿದರು. ಮತ್ತೆ ಬಗ್ಗಿದರು.

"ಯಜಮಾನ್ರೇ, ಕಾಗದದಲ್ಲಿ ಕೊನೇದು ಮೂರು ಇದೆ. ಇಲ್ಲಿ ಎಂಟಿನ ಥರ ಕಾಣ್ತಿದೆ."

"ಸಾ, ಮೂರೇ ಸಾ."

"ಬಣ್ಣ ದಪ್ಪ ಕೂತಿದೆ, ಗೊತ್ತಾಗ್ತಿಲ್ಲ. ಮಾಡಿದವರಿಂದಲೇ ಒಂದು ಪತ್ರ ತರಿಸಿಬಿಡಿ, ನನಗೂ ಸುಲಭ, ನಿಮಗೂ ಸುಲಭ."

ದೂರದೇಶದಿಂದ ಪತ್ರ! ಎರಡು ತಿಂಗಳು! ಇವರು ಟವೆಲು ತೆಗೆದು ಮುಖ ಒರೆಸಿಕೊಂಡು, ಅದೇ ಟವೆಲಿನಿಂದ ದೋಣಿ ಸೀಟಿನ ಧೂಳು ಒರೆಸತೊಡಗಿದರು. ಒರೆಸಿದ್ದನ್ನೇ ಒರೆಸಿದರು. ಅವರನ್ನು ಹಾಗೆ ನಾನು ಯಾವತ್ತೂ ನೋಡಿರಲಿಲ್ಲ.

ಇಷ್ಟು ದೂರ ಬಂದ ಗಾಡಿಯನ್ನು ಬರಿಹಣೆಯಲ್ಲಿ ವಾಪಸು ಕರೆದುಕೊಂಡು ಹೋಗಬಾರದು ಎನ್ನಿಸಿತು ನನಗೆ. ಆದರೆ ಗಾಡಿಯ ಹಣೆ ಯಾವುದು? ಸಾಹೇಬರು ಅಷ್ಟು ಹೊತ್ತು ಬಗ್ಗಿ ಬಗ್ಗಿ ನೋಡಿದ್ದು ಒಂದೇ ಜಾಗವನ್ನು. ಹಾಗಾದರೆ ಅದೇ ಹಣೆ! ಡಬ್ಬಿ ತೆಗೆದು ಅಲ್ಲಿ ಧಾರಾಳವಾಗಿ ಕುಂಕುಮ ಇಟ್ಟೆ.

"ಲೇ ಲೇ, ಏನ್ ಮಾಡ್ದೆ!" ಎಂದು ಕೂಗಿಕೊಂಡರು. ಗಾಬರಿಯಲ್ಲಿ ಸೆರಗಿನಿಂದ ಒರೆಸಿದೆ. ಮೇಲಿನ ಕುಂಕುಮ ಹೋಯಿತು, ಕೆತ್ತಿದ ಗೀರಿನೊಳಗೆ ಕೂತದ್ದು ಹೋಗಲಿಲ್ಲ. ಕಪ್ಪು ಕಬ್ಬಿಣದ ಮೇಲೆ ಕೆಂಪಗೆ, ರಂಗೋಲಿ ಬಿಟ್ಟ ಹಾಗೆ, ಒಂದೊಂದೇ ಅಂಕಿ ಎದ್ದು ಬಂತು. ಕೊನೆಯದು? ಮೂರು! ಮೂರನೇ ಕ್ಲಾಸಿನವರೆಗೆ ಓದಿದವಳಿಗೆ ಮೂರು ಗೊತ್ತಾಗುವುದಿಲ್ಲವೇ?

ಸಾಹೇಬರು ಬಗ್ಗಿ ನೋಡಿ, ನಕ್ಕು, ಮೊಬೈಲಿನಲ್ಲಿ ಫೋಟೋ ತೆಗೆದರು. "ಅಜ್ಜಿ, ನಾಳೆಯಿಂದ ಇಲ್ಲೇ ಬಂದು ಕೂತ್ಕೊಂಡುಬಿಡಿ."

ಮನೆಗೆ ಬರುವ ದಾರಿಯಲ್ಲಿ ನಮ್ಮವರು ಏನಾದರೂ ಒಳ್ಳೆಯ ಮಾತಾಡುತ್ತಾರೆಂದು ಕಾದೆ. ಊರು ಹತ್ತಿರ ಬಂದಾಗ ಬಾಯಿಬಿಟ್ಟರು: "ಕುಂಕುಮ ವಸಿ ಜಾಸ್ತಿ ಆಯ್ತು." ಅವರ ಭಾಷೆಯಲ್ಲಿ ಅದು ಸನ್ಮಾನ!

ಮೊನ್ನೆ ಸಂಜೆ ನಂಬರ್ ಪ್ಲೇಟು ಬಂತು. ನಿನ್ನೆ ಬೆಳಗ್ಗೆ ಆರಕ್ಕೇ ಇವರು ಬಿಳಿ ಪಂಚೆ ಕಟ್ಟಿ, ಹೆಲ್ಮೆಟ್ಟು ಹಾಕಿ, ಇನ್ನೊಂದು ಹೆಲ್ಮೆಟ್ಟನ್ನು ತೊಟ್ಟಿಲಲ್ಲಿ ಅಕ್ಕಿ ಮೂಟೆಯ ಮೇಲೆ ಮಲಗಿಸಿಕೊಂಡು ಲೊಕ್ಕನಹಳ್ಳಿಗೆ ಹೊರಟರು. ಹನ್ನೊಂದಕ್ಕೆ ಬರಬೇಕಾದವರು ಹನ್ನೆರಡಾದರೂ ಇಲ್ಲ. ಒಂದಾಯಿತು, ಇಲ್ಲ. ತೊಲೆಯಲ್ಲಿ ಹೂವಿನ ತೊಟ್ಟಿಲು ತೂಗುತ್ತಿದೆ, ಕೂಸು ಹಟ ಹಿಡಿದಿದೆ. ದಾರಿಯಲ್ಲಿ ವಾಂತಿಯಾಯಿತೋ, ಸೊಂಟ ನೊಂದಿತೋ, ಅರ್ಧ ದಾರಿಯಲ್ಲಿ ಇಳಿದುಬಿಟ್ಟರೋ? ನಾನು ಬಾಗಿಲಿಗೂ ಬೀದಿಗೂ ಎಷ್ಟು ಸಲ ನಡೆದೆನೋ!

ಒಂದೂವರೆಗೆ ಡುಗುಡುಗು ಸದ್ದು ಕೇಳಿಸಿತು. ದೊಡ್ಡಕ್ಕ ದೋಣಿಯಲ್ಲಿ ಕಾಲು ನೀಡಿ, ಸೆರಗಿನ ಮೇಲೆ ಹೆಲ್ಮೆಟ್ಟು ಹಾಕಿ, ಎಲೆಅಡಿಕೆ ಜಗಿಯುತ್ತಾ ಮಹಾರಾಣಿಯ ಹಾಗೆ ಬಂದರು!

"ಯಾಕ್ ದೊಡ್ಡಕ್ಕ ಇಷ್ಟೊತ್ತು? ಮೈಗೆ ಉಸಾರಿಲ್ವಾ?"

"ಉಸಾರಿಗೇನಾಗದೆ ಕಣಮ್ಮಿ? ಗಾಳಿ ಚೆಂದಾಗಿ ಬತ್ತಿತ್ತು. ಹನೂರು ಪ್ಯಾಟೆ ನೋಡಿ ಆರು ವರ್ಸ ಆಯ್ತು, ಅಂಗೇ ಸುತ್ತಾಕಂಡು ಓಗಾನ ಕಣ್ಲಾ ಅಂದೆ. ಅಲ್ಲಿ ಯಾರೋ ಕೈ ಮುಗುದ್ಬುಟ್ರು, ದೇವರ ಗಾಡಿ ಅಂತ!"

"ನೀವೇನ್ ಮಾಡಿದ್ರಿ?"

"ಆಶೀರ್ವಾದ ಮಾಡ್ದೆ. ಕೇಳ್ದೋರಿಗೆ ಇಲ್ಲ ಅನ್ನಕಾಯ್ತದಾ?"

ಕೋಲೂರಿಕೊಂಡು ಮಗ್ಗದ ಮನೆಗೆ ಬಂದರು. ತೊಲೆಯನ್ನು ಒಂದು ಸಲ ಮುಟ್ಟಿ ನೋಡಿದರು. ಕೂಸನ್ನು ತೊಟ್ಟಿಲಿಗೆ ಹಾಕಿದೆವು. ಪುಟ್ಟಮಾದಮ್ಮ ಅಂತಲೋ ದೊಡ್ಡತಾಯಮ್ಮ ಅಂತಲೋ ಇಟ್ಟುಬಿಡುತ್ತಾರೆ ಎಂದು ನನ್ನ ಮಗನಿಗೆ ಹನ್ನೊಂದು ತಿಂಗಳಿಂದ ಭಯ! ದೊಡ್ಡಕ್ಕ ಬಗ್ಗಿದರು. ಮತ್ತೆ ನೆಟ್ಟಗಾಗಿ ಸೊಸೆಯ ಕಡೆ ತಿರುಗಿದರು.

"ನೀನೇನ್ ಅನ್ಕಂಡಿದ್ದೀಯವ್ವ?"

ಸೊಸೆ ಕಣ್ಣರಳಿಸಿದಳು. "ನಾನಾ ದೊಡ್ಡತ್ತೆ? ನೀವು ಏನು ಹೇಳಿದ್ರೆ..."

"ನಾನೇನ್ ಒಂಬತ್ತು ತಿಂಗ್ಳು ಒತ್ತಿದ್ನಾ? ಎತ್ತೋಳು ನೀನು. ಬಾ, ನನ್ ಕಿವೀಲಿ ಏಳು."

ಸೊಸೆ ಅವರ ಕಿವಿಯಲ್ಲಿ ಹೇಳಿದಳು. ದೊಡ್ಡಕ್ಕ ಅದನ್ನೇ ಕೂಸಿನ ಕಿವಿಯಲ್ಲಿ ಮೂರು ಸಲ ಹೇಳಿ, ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು: "ಸುವರ್ಣ!" ಯಳಂದೂರಿನಲ್ಲಿ ಸೊಸೆಯ ತವರಿನ ಹತ್ತಿರ ಹರಿಯುವ ಹೊಳೆ ಸುವರ್ಣಾವತಿ. ಹನ್ನೊಂದು ತಿಂಗಳು ಆ ಹೆಸರನ್ನು ಹುಡುಗಿ ನಾಲಿಗೆಯ ಕೆಳಗೆ ಇಟ್ಟುಕೊಂಡಿದ್ದಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು. ನನ್ನ ಯಜಮಾನರು ಬಾಯಿ ತೆರೆದುಕೊಂಡು ನಿಂತಿದ್ದರು. ಇಷ್ಟೇ ಆಗಿದ್ದರೆ ಹಡಗು ಯಾಕೆ ಬೇಕಿತ್ತು ಅನ್ನುವಂತಿತ್ತು ಮುಖ!

ಸಂಜೆ ಊಟಕ್ಕೆ ಎಲೆ ಹಾಕಿದೆವು. ದೊಡ್ಡಕ್ಕ ನೆಲಕ್ಕೆ ಕೂರುವ ಹಾಗಿಲ್ಲ. ಕುರ್ಚಿ ಹಾಕಿದರೆ ಕಾಲು ಜೋಮು ಹಿಡಿಯುತ್ತದೆ. "ನನ್ ಗಾಡೀಲೇ ಕೂರ್ಸಿ" ಎಂದರು. ಸರಿ, ಅವರು ಅಂಗಳದಲ್ಲಿ ಗಾಡಿಯಲ್ಲಿ, ನಾವೆಲ್ಲ ಗಾಡಿಯ ಸುತ್ತ ಚಾಪೆಯಲ್ಲಿ. ಒಬ್ಬಟ್ಟು, ಒಬ್ಬಟ್ಟಿನ ಸಾರು, ಅನ್ನ, ಹಪ್ಪಳ. ಸುವರ್ಣ ದೊಡ್ಡಕ್ಕನ ಮಡಿಲಲ್ಲಿ ಒಬ್ಬಟ್ಟು ಚೀಪುತ್ತಿತ್ತು.

ಮಗ ತಮಾಷೆಗೆ ಕೇಳಿದ: "ಅತ್ತೆ, ಈ ಸೀಟು ಎಡಗಡೇನೇ ಬೇಕು ಅಂತ ಅಪ್ಪ ಎರಡು ತಿಂಗಳು ಕಾಯಿಸಿದ್ರು, ಗೊತ್ತಾ?"

ದೊಡ್ಡಕ್ಕ ತಮ್ಮನನ್ನು ನೋಡಿದರು. ಇವರು ಎಲೆ ನೋಡಿಕೊಂಡರು.

"ನಮ್ಮವ್ವ ತೀರ್ಕಂಡಾಗ ಇವ್ನಿಗೆ ಈ ಕೂಸಿನಷ್ಟೇ ವಯಸ್ಸು. ನಂಗೆ ಅತ್ತು ವರ್ಸ. ಈ ಎಡಸೊಂಟದ ಮ್ಯಾಲೇ ಬೆಳ್ದ. ನೀರು ಸೇದುವಾಗ್ಲೂ ಇಳೀತಿರ್ಲಿಲ್ಲ, ನೂಲು ಸುತ್ತುವಾಗ್ಲೂ ಇಳೀತಿರ್ಲಿಲ್ಲ ಮುಂಡೇದು." ಪ್ಲೇಟು ಹಾಕಿದ ಸೊಂಟವನ್ನು ಒಮ್ಮೆ ಸವರಿಕೊಂಡರು. "ಇವತ್ತು ನಾನು ಅವನ ಎಡಕ್ಕೆ ಕುಂತ್ಕಂಡು ಬಂದೆ."

ದೊಡ್ಡಕ್ಕ ಅನ್ನ ಕಲಸಿ, ತುಪ್ಪ ಹಾಕಿ, ತುತ್ತು ಮಾಡಿ ಕೈ ನೀಡಿದರು.

"ಬಾಯ್ ತಗೀಲಾ."

ಅರವತ್ತೇಳು ವರ್ಷದ ನನ್ನ ಯಜಮಾನರು ನಮ್ಮನ್ನೆಲ್ಲ ಒಮ್ಮೆ ನೋಡಿದರು. ನಾವು ತಟಕ್ಕನೆ ನಮ್ಮ ನಮ್ಮ ಎಲೆಯತ್ತ ಕಣ್ಣು ತಿರುಗಿಸಿದೆವು. ಸುವರ್ಣ ಮಾತ್ರ ತಿರುಗಿಸಲಿಲ್ಲ. ತಾತ ಕತ್ತು ಚಾಚಿ ಬಾಯಿ ತೆರೆದದ್ದನ್ನು ನೋಡಿ, ತನಗೂ ಬೇಕೆಂದು ತಾನೂ ಬಾಯಿ ತೆರೆಯಿತು.