ಚಾಕೊಲೇಟು ತೊಳೆದ ಅತ್ತೆ

ಚಾಕೊಲೇಟನ್ನು ತೊಳೆದು ತಿನ್ನುವವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದೇನು, ತೊಳೆಯಲು ನೀರನ್ನೂ ಹಾಕಿದ್ದೇನೆ!

ಎಂಬತ್ತರ ದಶಕದ ಮಾತು. ಹಿರೇಕೆರೂರಿನ ಶಾಲೆಯಲ್ಲಿ ಶಿಕ್ಷಕಿಯಾಗಿದ್ದ ನಾನು ಅಪ್ಪನ ಅಕ್ಕನ ಮನೆಯಲ್ಲಿದ್ದೆ. ಈ ಅತ್ತೆಯ ಮಡಿ ಅಂತಿಂಥದ್ದಲ್ಲ. ಸಂತೆಯಿಂದ ತಂದ ಬೆಲ್ಲವನ್ನೂ ತೊಳೆದು ಅರ್ಧವನ್ನು ಬಚ್ಚಲಿಗೆ ಕಳಿಸಿದಾಕೆ. ಉಪ್ಪು ಹೇಗೆ ಬಚಾವಾಯಿತೋ ನಾಕಾಣೆ!

ಪುಣೆಯಲ್ಲಿದ್ದ ಕಾಕಾ, ಅಂದರೆ ಅತ್ತೆಯ ಮುದ್ದಿನ ತಮ್ಮ, ಬೇರೆ ಜಾತಿಯ ಹುಡುಗಿಯನ್ನು ಮದುವೆಯಾಗಿದ್ದ. ಅಂದಿನಿಂದ ಅತ್ತೆ ಆ ಮನೆಯ ಹನಿ ನೀರೂ ಮುಟ್ಟಿರಲಿಲ್ಲ. ಕಾಕಾ ಮಾತ್ರ ಪ್ರತಿ ದೀಪಾವಳಿಗೆ ಅಂಚೆಯಲ್ಲಿ ಒಂದು ಡಬ್ಬಿ ಒಣದ್ರಾಕ್ಷಿ ಕಳಿಸುತ್ತಿದ್ದ. ಬರಿಯ ದ್ರಾಕ್ಷಿಯಲ್ಲ, ಮೈತುಂಬ ಚಾಕೊಲೇಟು ಹೊದ್ದದ್ದು. ಪುಣೆಯಲ್ಲಿ ಆಗ ಎಲ್ಲರ ಬಾಯಲ್ಲೂ ಅದೇ ಅಂತೆ. ನಾನು ಕದ್ದೊಯ್ದು ಕೊಟ್ಟ ನಾಲ್ಕು ಕಾಳು ತಿಂದ ನಮ್ಮ ಹೆಡ್‌ಮಾಸ್ತರರು ಒಂದು ವಾರ ನನ್ನ ಮೇಲೆ ಸಿಟ್ಟೇ ಆಗಲಿಲ್ಲ!

ಅತ್ತೆಗೆ ತಮ್ಮ ಕಳಿಸಿದ್ದನ್ನು ಚೆಲ್ಲಲು ಮನಸ್ಸಿಲ್ಲ, ತಿನ್ನಲು ಮಡಿ ಬಿಡುವುದಿಲ್ಲ.

“ಹಣ್ಣಿಗೆ ಮೈಲಿಗಿ ಇಲ್ಲವ್ವಾ. ಮ್ಯಾಲಿಂದಷ್ಟ ಬೇಯಿಸಿದ್ದು. ಅದು ಹೋದ್ರ ಆತು” ಎಂದು ಹಿತ್ತಲ ಬಚ್ಚಲಲ್ಲಿ ಕೂರುತ್ತಿದ್ದಳು. ತಣ್ಣೀರಿಗೆ ಅದು ಜಗ್ಗುತ್ತಿರಲಿಲ್ಲ. ಬಿಸಿನೀರು ಬರುತ್ತಿತ್ತು.

“ಅತ್ಯಾ, ರುಚಿ ಎಲ್ಲಾ ಹರದು ಹೊಂಟದ!”

“ಹೋಗಲಿ ಬಿಡು. ನೀ ನೀರು ಹಾಕು.”

ಆಮೇಲೆ ನನ್ನಿಂದಲೇ ಕಾರ್ಡು ಬರೆಸುವುದು: ‘ಡಬ್ಬಿ ಮುಟ್ಟಿತು. ಬಹಳ ರುಚಿಯಾಗಿತ್ತು. ಒಂದೂ ಉಳಿಯಲಿಲ್ಲ.’

“ಇಷ್ಟು ಸುಳ್ಳು ಬರೀಲೇನು?”

“ಸುಳ್ಳೆಲ್ಲಿ ಬಂತು? ದ್ರಾಕ್ಷಿ ರುಚಿ ಇರಲಿಲ್ಲೇನು?”

ಹೇಳಿ, ಯಾವ ಕೋರ್ಟು ಈಕೆಯನ್ನು ಹಿಡಿದೀತು!

ಎರಡು ದೀಪಾವಳಿ ಹೀಗೇ ಕಳೆದವು. ಮೂರನೆಯದಕ್ಕೆ ಕಾಕಾ ಡಬ್ಬಿಯ ಜೊತೆ ಹೆಂಡತಿಯನ್ನೂ, ಅಂದರೆ ನನ್ನ ಕಾಕುವನ್ನೂ, ಕರೆದುಕೊಂಡು ಹಾವೇರಿ ಬಸ್ಸಿನಿಂದ ಇಳಿದ. ಅತ್ತೆ ಇಬ್ಬರನ್ನೂ ಪಡಸಾಲೆಯಲ್ಲಿ ಕೂಡಿಸಿ, ಡಬ್ಬಿ ಹಿಡಿದು ಸೀದಾ ಹಿತ್ತಲಿಗೆ ಹೋದಳು. ಕೈಕಾಲು ತೊಳೆಯಲೆಂದು ಹಿಂದೆಯೇ ಬಂದ ಕಾಕು ಬಾಗಿಲಲ್ಲೇ ನಿಂತುಬಿಟ್ಟಳು. ಅತ್ತೆಯ ಕೈಯೆಲ್ಲ ಕಂದು, ಹರಿಯುವ ನೀರೂ ಕಂದು.

“ಚೊಲೊ ಆಗಿಲ್ಲೇನ್ರಿ, ಅಕ್ಕಾರ?” ಎಂದಳು ಮೆಲ್ಲಗೆ. “ನಿಮಗ ಸೇರತದಂತ ಕಾರ್ಡಿನಾಗ ಓದಿ, ಈ ಸಲ ಒಂದೊಂದ ದ್ರಾಕ್ಷಿ ನಾನ ಕೈಲೆ ಅದ್ದಿ ಮಾಡೇನ್ರಿ.”

ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಆ ಕಾರ್ಡು ಬರೆದವಳು ನಾನೇ ಅಲ್ಲವೇ? ಅತ್ತೆ ಕೈ ಒರೆಸಿಕೊಂಡು, ಡಬ್ಬಿಯಿಂದ ಒಂದನ್ನು ತೆಗೆದು, ತೊಳೆಯದೆ ಹಾಗೇ ಬಾಯಿಗೆ ಹಾಕಿಕೊಂಡಳು. ಅವಳ ಕಣ್ಣು ತುಂಬಿ ಬಂದವು.

“ಬಾಗಿಲದಾಗ ಯಾಕ ನಿಂತಿ? ನಡಿ, ಅಡಗಿಮನಿಗೆ ನಡಿ” ಎಂದಳು. “ಇವತ್ತ ಹುಗ್ಗಿ ನೀನ ಮಾಡು. ಎಲ್ಲಾರೂ ಕೂಡಿ ಉಣ್ಣೋಣು.”