ರಾಚವ್ವನ ತಲೆಗೂದಲಿನ ಕಂಟಿನ್ಯುಟಿ

೧೯೭೧ನೆಯ ಇಸವಿ ಜೂನ್ ತಿಂಗಳಿನಿಂದ ರಾಚವ್ವನ ತಲೆಗೂದಲು ಚಿತ್ರವೈಭವ ಕಂಪನಿಯ ಸ್ವತ್ತಾಗಿತ್ತು. ತಲೆ ಮಾತ್ರ ಅವಳದೇ. ಅದನ್ನು ತುರಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಇಂಡಿ ಕಡೆಯಿಂದ ಬಂದು ಮುಂಬೈಯ ದಹಿಸರದ ಚಾಳಿನಲ್ಲಿ ಮಗಳು ಕಸ್ತೂರಿಯೊಡನೆ ಇದ್ದ ರಾಚವ್ವ ಸಿನಿಮಾಗಳಲ್ಲಿ ಎಕ್ಸ್‌ಟ್ರಾ. ಸಂತೆಯಲ್ಲಿ ನಡೆಯುವುದು, ಮದುವೆ ಸೀನಿನಲ್ಲಿ ಅಕ್ಷತೆ ಹಾಕುವುದು ಅವಳ ಕಸುಬು. ಕಂಪನಿಯು ನೂರಕ್ಕೂ ಹೆಚ್ಚು ವರ್ಷ ಹಳೆಯ ಇಂಗ್ಲಿಷ್ ಕಾದಂಬರಿಯೊಂದನ್ನು ಹಿಂದಿಯಲ್ಲಿ ತೆಗೆಯಲು ಹೊರಟಾಗ ಅವಳ ದೆಸೆ ತಿರುಗಿತು. ಕತೆ ಇಷ್ಟೇ: ಒಂದು ಹಾಳು ಬಂಗಲೆ, ಒಬ್ಬ ಮುಂಗೋಪಿ ಶ್ರೀಮಂತ, ಅವನನ್ನು ಪ್ರೀತಿಸುವ ಬಡ ಹುಡುಗಿ, ಮಹಡಿಯಲ್ಲಿ ಕೂಡಿಹಾಕಿದ ಮೊದಲ ಹೆಂಡತಿ. ಆ ಹೆಂಡತಿ ರಾಚವ್ವ. ಕಂಪನಿಯಲ್ಲಿ ಪುಸ್ತಕವನ್ನು ಪೂರ್ತಿ ಓದಿದ್ದವರು ಕಥಾವಿಭಾಗದ ಗುಮಾಸ್ತ, ಮೈಸೂರಿನ ಸತ್ಯಮೂರ್ತಿ ಒಬ್ಬರೇ. ಆದ್ದರಿಂದ ಅವರನ್ನು ಕಥಾಚರ್ಚೆಗೆ ಕರೆಯುತ್ತಿರಲಿಲ್ಲ.

ಪವಾಯಿ ಕೆರೆಯ ಪಕ್ಕದ ಸೆಟ್ಟಿನಲ್ಲಿ ಮೊದಲ ದಿನವೇ ರಾಚವ್ವ ಕೂದಲು ಕೆದರಿಕೊಂಡು ಕಿಟಕಿಯಲ್ಲಿ ಕಿರುಚುವ ಶಾಟ್ ತೆಗೆದರು. ಮೊದಲ ಶಾಟಿನಲ್ಲಿ ಹೇಗಿದ್ದರೋ ಕೊನೆಯ ಶಾಟಿನವರೆಗೂ ಹಾಗೆಯೇ ಇರಬೇಕು. ಇದಕ್ಕೆ ಕಂಟಿನ್ಯುಟಿ ಎನ್ನುತ್ತಾರೆ. ಕಂಪನಿಯ ನಿಯಮ ಹದಿನಾಲ್ಕರ ಪ್ರಕಾರ ಚಿತ್ರ ಮುಗಿಯುವ ತನಕ ಅವಳು ಎಣ್ಣೆ ಹಚ್ಚುವಂತಿಲ್ಲ, ಬಾಚಣಿಗೆ ಮುಟ್ಟುವಂತಿಲ್ಲ.

ಚಿತ್ರ ಮುಗಿಯಲಿಲ್ಲ. ಹೀರೋಗೆ ಇಬ್ಬರು ಹೆಂಡಿರಿರುವುದು ಸಲ್ಲದು ಎಂದು ಹಂಚಿಕೆದಾರರು ತಕರಾರು ತೆಗೆದದ್ದರಿಂದ ಮೊದಲ ಹೆಂಡತಿಯನ್ನು ಅಕ್ಕನನ್ನಾಗಿ ಮಾಡಲಾಯಿತು. ಒಡಹುಟ್ಟಿದವಳನ್ನು ಕೂಡಿಹಾಕುವುದು ರಾಖಿ ಹಬ್ಬಕ್ಕೆ ಅವಮಾನ ಎಂದದ್ದರಿಂದ ಅತ್ತೆಯಾದಳು. ಕೊನೆಗೆ ಅವಳನ್ನು ಮನೆ ಖಾಲಿ ಮಾಡದ ಬಾಡಿಗೆದಾರಳು ಎಂದು ಘೋಷಿಸಲಾಯಿತು. ಮುಂಬೈಯಲ್ಲಿ ಇದಕ್ಕೆ ಯಾರೂ ಆಕ್ಷೇಪಿಸಲಿಲ್ಲ. ನಾಲ್ಕು ಸಂಬಂಧಗಳಿಗೂ ರಾಚವ್ವ ಅದೇ ಕಿರುಚಾಟ ಕಿರುಚಿದಳು. ಮೂರು ವರ್ಷ ಕಳೆಯಿತು.

ಅಷ್ಟರಲ್ಲಿ ಕಸ್ತೂರಿಗೆ ವಿಕ್ರೋಳಿಯಿಂದ ಸಂಬಂಧ ಬಂತು. ಹುಡುಗ ಕಾರ್ಖಾನೆಯಲ್ಲಿ ಫಿಟ್ಟರ್. ಅವನ ತಾಯಿ ಇಂದ್ರಾಬಾಯಿ ಭಾರೀ ಮಡಿಯ ಹೆಂಗಸು. ರಾಚವ್ವ ಸತ್ಯಮೂರ್ತಿಯವರ ಹತ್ತಿರ ಹೋದಳು.

"ಸಾಹೇಬ್ರ, ಐತಾರ ಬೀಗರು ಬರಾಕತ್ತಾರ. ಒಂದ ದಿನ ಹೆರಳ ಹಾಕ್ಕೊಳ್ಳಾಕ ಬಿಡ್ರಿ. ಈ ತಲಿ ನೋಡಿದ್ರ ಹುಚ್ಚಿ ಮಗಳು ಅಂತ ಹೊಳ್ಳಿ ಹೋಗ್ತಾರ."

"ಅರ್ಜಿ ಬರೆದುಕೊಡ್ತೀನಮ್ಮ," ಎಂದರು ಸತ್ಯಮೂರ್ತಿ. "ಮೂರು ಪ್ರತಿ ಬೇಕಾಗುತ್ತೆ."

ಶನಿವಾರ ಹುಕುಂ ಬಂತು: 'ಅರ್ಜಿದಾರಳ ತಲೆ ಬಾಚುವ ಕೋರಿಕೆಯನ್ನು ತಿರಸ್ಕರಿಸಲಾಗಿದೆ. ಮೀರಿದಲ್ಲಿ ಮೂರು ವರ್ಷಗಳ ಚಿತ್ರೀಕರಣದ ನಷ್ಟಕ್ಕೆ ಅವಳೇ ಹೊಣೆ. ಆದಾಗ್ಯೂ, ಮಾನವೀಯ ದೃಷ್ಟಿಯಿಂದ, ತಲೆ ಬಾಚಿದ ತಾಯಿಯೊಬ್ಬಳನ್ನು ಕಂಪನಿಯ ವತಿಯಿಂದ ಒದಗಿಸಲಾಗುವುದು.'

ಹಾಗಾಗಿ ಐತವಾರ ಗುರುಬಾಯಿ ಬಂದಳು. ಅವಳು ಹದಿನೆಂಟು ಚಿತ್ರಗಳಲ್ಲಿ ತಾಯಿಯಾಗಿದ್ದ ಎಕ್ಸ್‌ಟ್ರಾ. ರಾಚವ್ವನನ್ನು ಅಟ್ಟಕ್ಕೆ ಹತ್ತಿಸಿ ಏಣಿ ತೆಗೆದರು. ಕೆಳಗೆ ಗುರುಬಾಯಿ ಕಸ್ತೂರಿಯ ಗಲ್ಲ ಹಿಡಿದು "ನನ್ನ ಹೊಟ್ಟ್ಯಾಗಿನ ಬಂಗಾರ" ಎಂದಾಗ ಮೇಲೆ ರಾಚವ್ವ ದುಃಖ ಒತ್ತರಿಸಿ ಬಿಕ್ಕಿದಳು.

"ಮ್ಯಾಲ ಏನದು?" ಇಂದ್ರಾಬಾಯಿ ಕೇಳಿದಳು.

"ಬಾಡಿಗ್ಯಾಕಿ," ಎಂದಳು ಗುರುಬಾಯಿ. "ಖಾಲಿ ಮಾಡವಲ್ಲಳು."

ಇಂದ್ರಾಬಾಯಿ ಮನಸಾರೆ ಮರುಗಿ, ಅಲ್ಲೇ ಸಂಬಂಧ ಗಟ್ಟಿ ಮಾಡಿದಳು.

ಮದುವೆಗೆ ನಾಲ್ಕು ದಿನ ಇರುವಾಗ ಸತ್ಯಮೂರ್ತಿ ಓಡಿಬಂದರು. ಮಹಡಿಯ ಕೋಣೆಯನ್ನೇ ಕತೆಯಿಂದ ತೆಗೆದು, ಆ ಜಾಗಕ್ಕೆ ಕಾಶ್ಮೀರದ ಒಂದು ಹಾಡು ಹಾಕಿದ್ದಾರಂತೆ. "ಇನ್ನು ತಲೆ ಬಾಚ್ಕೋಬಹುದು ರಾಚಮ್ಮ!"

ರಾಚವ್ವ ಬಾಚಣಿಗೆ ಎತ್ತಿಕೊಳ್ಳುವಷ್ಟರಲ್ಲಿ ಕಸ್ತೂರಿ ಸಣ್ಣ ದನಿಯಲ್ಲಿ ಹೇಳಿದಳು: "ಯವ್ವಾ, ಅವರು ಗುರುಬಾಯಿನ್ನ ನಮ್ಮವ್ವ ಅಂತ ನೋಡಿ ಹೋಗ್ಯಾರ. ಈಗ ಅವ್ವ ಬದಲಾದ್ರ ಮದುವಿ ಮುರೀತಾರ."

ಹೆತ್ತ ಮಗಳ ಬಾಯಲ್ಲೂ ಕಂಟಿನ್ಯುಟಿ ಬಂದದ್ದು ರಾಚವ್ವನ ಕರುಳಿಗೆ ಚುಚ್ಚಿತು. ಬಾಚಣಿಗೆ ಕೆಳಗಿಟ್ಟು ಕೇಳಿದಳು: "ಸಾಹೇಬ್ರ, ಪುಸ್ತಕದಾಗ ಆಕಿ ಕಡೀಕ ಏನ್ ಮಾಡ್ತಾಳ್ರಿ?"

"ಕೋಣೆಯಿಂದ ತಪ್ಪಿಸಿಕೊಂಡು ಬಂದು ಮದುಮಗಳ ಮುಸುಕು ಹರೀತಾಳೆ, ಕಡೆಗೆ ಮನೆಗೇ ಬೆಂಕಿ ಇಡ್ತಾಳಮ್ಮ," ಎಂದ ಸತ್ಯಮೂರ್ತಿ, ಹೇಳಬಾರದಿತ್ತು ಎಂದು ನಾಲಿಗೆ ಕಚ್ಚಿಕೊಂಡರು.

ಮದುವೆಯ ದಿನ ರಾಚವ್ವ ಎಣ್ಣೆ ಹಚ್ಚಿ, ಹೆರಳು ಹಾಕಿ, ಹೂ ಮುಡಿದು ಬಂದಳು. ಸತ್ಯಮೂರ್ತಿ ಗಾಬರಿಯಿಂದ ಎದ್ದು ನಿಂತರು. ಅವಳು ನೆಟ್ಟಗೆ ಮಂಟಪದತ್ತ ನಡೆದಳು. ಕಸ್ತೂರಿ ತಲೆಯೆತ್ತಿ ಅವಳ ಮುಖ ನೋಡಿದಳು. ನೋಡಿ, ಬೇಡವೆಂಬಂತೆ ಕಣ್ಣು ಮುಚ್ಚಿದಳು. ರಾಚವ್ವ ಅಲ್ಲೇ ನಿಂತಳು. ಹೆಣ್ಣಿನ ಕಡೆ ಜನ ತುಂಬಿಸಲು ಕಂಪನಿ ಕಳಿಸಿದ್ದ ಹನ್ನೆರಡು ಎಕ್ಸ್‌ಟ್ರಾಗಳ ನಡುವೆ ಹೋಗಿ ಕೂತಳು. ಗುರುಬಾಯಿ ಧಾರೆ ಎರೆದಳು. ರಾಚವ್ವ ಅಕ್ಷತೆ ಹಾಕಿದಳು, ಹಾಕಿ ಗಟ್ಟಿಯಾಗಿ ಅತ್ತಳು.

"ಯಾರಾಕಿ?" ಎಂದಳು ಇಂದ್ರಾಬಾಯಿ.

"ಕಂಪನಿಯಾಕಿ ಬಿಡ್ರಿ. ಅಳಾಕ ಕರಸೀವಿ," ಎಂದಳು ಗುರುಬಾಯಿ.

"ಏನ್ ಚಲೋ ಅಳ್ತಾಳ! ಖರೇ ತಾಯಿ ಇದ್ದಂಗ," ಎಂದು ಬೆರಗಾದ ಇಂದ್ರಾಬಾಯಿ ರಾಚವ್ವನ ಬಳಿಗೇ ಬಂದಳು. "ಯವ್ವಾ, ಬರೂ ವರ್ಷ ನಮ್ಮ ಮಗಳ ಮದುವಿ ಐತಿ. ಅದಕ್ಕೂ ಬಂದು ಅಳತೀ ಏನು?"

ರಾಚವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ತಾರೀಖು ಕೇಳಿದಳು.